ಜಾಮ್ ಬಾಟಲಿಯ ಹುಡುಗ

ಫೆಬ್ರವರಿ ೩

ಪ್ರೀತಿಯ ಅಕ್ಕ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಮೊಣಕಾಲು ಹೇಗಿದೆ ಎಂದು ಸರಿಯಾಗಿ ಬರಿ. ಫೋನಿನಲ್ಲಿ ಕೇಳಿದರೆ "ಚೆನ್ನಾಗಿದೆ ಕಣೋ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ನಾನು ಇನ್ನೂ ಕಾಗದ ಬರೆಯುವುದು. ಕಾಗದವಾದರೆ ಒಂದು ಪುಟವಾದರೂ ತುಂಬಿಸಬೇಕಲ್ಲ, ಆಗ ನಿಜ ತಾನಾಗಿ ಹೊರಗೆ ಬರುತ್ತದೆ.

ಅಕ್ಕ, ನನಗೆ ಸಾಕಾಗಿಹೋಗಿದೆ. ಕ್ಷೌರದಂಗಡಿ ಇಟ್ಟವನು ಊರಿನವರ ದೂರೆಲ್ಲ ಕೇಳಲೇಬೇಕು, ಅದು ಕಸುಬಿನಲ್ಲೇ ಸೇರಿದೆ. ಸೊಂಟನೋವು, ಸೊಸೆ, ಸರ್ಕಾರ, ಯಾವುದಕ್ಕಾದರೂ "ಹೌದು ಹೌದು" ಎನ್ನುತ್ತಾ ಕತ್ತರಿ ಆಡಿಸುತ್ತೇನೆ. ಆದರೆ ಈಚೆಗೆ ಕುರ್ಚಿಯಲ್ಲಿ ಕೂತವರೆಲ್ಲ ಜಾಮಿನ ಮೇಲೆ ದೂರು ಹೇಳಲು ಶುರುಮಾಡಿದ್ದಾರೆ. ಅದೂ ನನ್ನ ಹತ್ತಿರ, ನಾನೇ ಕುದಿಸಿ ಬಾಟಲಿಗೆ ತುಂಬಿದ ಹಾಗೆ! ಮೊನ್ನೆ ನಮ್ಮ ಡ್ರಿಲ್ ಮೇಷ್ಟ್ರು, ಮುಖದ ತುಂಬ ನೊರೆ ಬಳಿಸಿಕೊಂಡು ಕೂತವರು, ಸುಮ್ಮನಿರಬಾರದೇ?

"ಅಲ್ಲಯ್ಯಾ ಜಾಮಣ್ಣ, ಏನಾಗಿದೆ ನಿನ್ನ ಜಾಮಿಗೆ? ಹಣ್ಣೇ ಇಲ್ವಲ್ಲೋ. ಬಣ್ಣ ಹಾಕಿದ ಗೋಂದು ತಿಂದ ಹಾಗಿದೆ."

"ಗೋಂದು ಯಾವಾಗ ತಿಂದಿದ್ರಿ ಸಾರ್?" ಎಂದೆ.

"ತಮಾಷೆ ಮಾಡ್ಬೇಡ. ಬಾಟಲಿ ಮೇಲಿರೋದು ನಿನ್ನ ಮುಖ. ಒಳಗೇನಿದೆ ಅಂತ ನಿಂಗೆ ಗೊತ್ತಿರ್ಬೇಕು."

ಕೈಯಲ್ಲಿ ರೇಜರ್ ಇತ್ತು. ಸಿಟ್ಟು ನುಂಗಿಕೊಂಡೆ.

ನೀನೇ ಹೇಳು ಅಕ್ಕ. ಅಮ್ಮ ಆ ಜಾಮ್ ಫ್ಯಾಕ್ಟರಿಯ ಸಿಪ್ಪೆ ಶೆಡ್ಡಿನಲ್ಲಿ ಕೂತು ಎಷ್ಟು ಹಣ್ಣು ಹೆಚ್ಚಿದಳು! ಅನಾನಸ್ ರಸಕ್ಕೆ ಅವಳ ಬೆರಳ ತುದಿ ಸುಲಿದು, ಮನೆಗೆ ಬಂದರೆ ಉಪ್ಪಿನ ಡಬ್ಬಿ ಮುಟ್ಟಲಾಗುತ್ತಿರಲಿಲ್ಲ. ಯಂತ್ರಗಳ ಫೋಟೋ ತೆಗೆಯಲು ಬಂದವನು, ಮೂಲೆಯಲ್ಲಿ ಕೂತು ಸೌಟು ನೆಕ್ಕುತ್ತಿದ್ದ ನನ್ನನ್ನು ಕಂಡು ಕ್ಯಾಮೆರಾ ಇತ್ತ ತಿರುಗಿಸಿದ್ದನ್ನು ನೀನು ಕಣ್ಣಾರೆ ನೋಡಿದವಳು. ಅಂದಿನಿಂದ ಊರೂರಿನ ಅಂಗಡಿಗಳಲ್ಲಿ ಅದೇ ಮುಖ. ಮುಂದಿನ ಹಲ್ಲಿಲ್ಲದ ಬಾಯಿ, ಕೆನ್ನೆಗೆಲ್ಲ ಜಾಮ್. ನನಗೆ ಆಮೇಲೆ ಹಲ್ಲು ಬಂತು, ಮೀಸೆ ಬಂತು, ಈಗ ಕಟ್ಟಿಸಿದ ಹಲ್ಲೂ ಬಂದಿದೆ. ಬಾಟಲಿಯ ಹುಡುಗನಿಗೆ ಮಾತ್ರ ಇನ್ನೂ ಬಂದಿಲ್ಲ!

ಗಾಜು ಹೋಗಿ ಪ್ಲಾಸ್ಟಿಕ್ ಬಂದಿದೆ, ಬಾಟಲಿಯ ಸೊಂಟ ಸಣ್ಣಗಾಗಿದೆ, ಅಷ್ಟು ಒಪ್ಪುತ್ತೇನೆ. ಆದರೆ ರುಚಿ? ದಿನಾ ಬೆಳಿಗ್ಗೆ ಒಂದು ಚಮಚ ತಿನ್ನುವವನು ನಾನು, ನನಗೆ ಗೊತ್ತಾಗುವುದಿಲ್ಲವೇ? ಕೆಟ್ಟಿರುವುದು ಜಾಮಲ್ಲ, ಇವರ ನಾಲಿಗೆ. ಚಿಕ್ಕವರಿದ್ದಾಗ ತಿಂದದ್ದೆಲ್ಲ ಅಮೃತ ಎನ್ನುವ ಕಾಯಿಲೆ.

ನೀನು ಒಂದು ಉಪಕಾರ ಮಾಡು. ನಿನ್ನ ವಸತಿ ಶಾಲೆಯ ಮಕ್ಕಳು ಜಾಮನ್ನು ಹೇಗೆ ತಿನ್ನುತ್ತಾರೆ ಎಂದು ನಾಲ್ಕು ಸಾಲು ಬರೆದು ಕಳಿಸು. ಅಷ್ಟು ಮಕ್ಕಳ ಅಡುಗೆಮನೆ ನಡೆಸುವವಳ ಮಾತಿಗೆ ಬೆಲೆ ಇದೆ. ಅಂಗಡಿಯಲ್ಲಿ ಗಟ್ಟಿಯಾಗಿ ಓದಿ ಈ ಮೇಷ್ಟರ ಬಾಯಿ ಮುಚ್ಚಿಸುತ್ತೇನೆ.

ನಿನ್ನ ತಮ್ಮ


ಫೆಬ್ರವರಿ ೧೯

ತಮ್ಮಾ,

ಮೊಣಕಾಲು ಮೆಟ್ಟಿಲು ಕಂಡರೆ ಗೊಣಗುತ್ತದೆ, ಸಮತಟ್ಟು ನೆಲದಲ್ಲಿ ಮಾತು ಕೇಳುತ್ತದೆ. ಹೊಸ ವಾರ್ಡನ್ ಬಂದಿದ್ದಾರೆ, ಒಳ್ಳೆಯವರು. ಅಡುಗೆಮನೆಗೆ ಬಂದರೆ ಮೊದಲು ಚಪ್ಪಲಿ ಒರೆಸಿಕೊಳ್ಳುತ್ತಾರೆ. ಅಷ್ಟು ಸಾಕು ನನಗೆ.

ನಮ್ಮ ಮಕ್ಕಳ ವಿಷಯ ಕೇಳಿದ್ದೀಯ. ಜಾಮ್ ಇರುವ ದಿನ ಬೆಳಿಗ್ಗೆ ಯಾರನ್ನೂ ಗಂಟೆ ಹೊಡೆದು ಎಬ್ಬಿಸಬೇಕಾಗಿಲ್ಲ. ಬ್ರೆಡ್ಡಿಗೆ ಹಚ್ಚಿಕೊಂಡು ತಿಂದಾದ ಮೇಲೆ ಪಾತ್ರೆಯ ಅಂಚನ್ನು ಬೆರಳಲ್ಲಿ ಬಳಿದು ನೆಕ್ಕುತ್ತಾರೆ. ತೊಳೆಯುವವಳು "ಈ ಪಾತ್ರೆಗೆ ನನ್ನ ಅವಶ್ಯಕತೆಯೇ ಇಲ್ಲ" ಎನ್ನುತ್ತಾಳೆ. ಮೊನ್ನೆ ತಳದ ಒಂದು ಚಮಚಕ್ಕಾಗಿ ಇಬ್ಬರು ಹುಡುಗಿಯರು ಜುಟ್ಟು ಹಿಡಿದುಕೊಂಡು ಜಗಳವಾಡಿದರು. ಕೊನೆಗೆ ನಾನೇ ತಿಂದು ನ್ಯಾಯ ತೀರಿಸಿದೆ.

ಮೇಷ್ಟರ ಹತ್ತಿರ ವಾದಕ್ಕೆ ಹೋಗಬೇಡ. ವಯಸ್ಸಾದವರು, ಏನೋ ಹೇಳುತ್ತಾರೆ. ನೀನು ತೀರಾ ಸಣ್ಣಗಾಗಿದ್ದೀಯ ಎಂದು ಮದುವೆಮನೆಯಲ್ಲಿ ನಿನ್ನನ್ನು ನೋಡಿದವರೊಬ್ಬರು ಹೇಳಿದರು. ಯಾಕೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿಲ್ಲವೇ?

ಅಕ್ಕ


ಮಾರ್ಚ್ ೮

ಅಕ್ಕಾ!

ನಿನ್ನ ಕಾಗದ ಬಂದ ದಿನ ನನ್ನ ಅಂಗಡಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಅರ್ಧ ಬೋಳಿಸಿದ ಗಡ್ಡವನ್ನು ಹಾಗೇ ಬಿಟ್ಟು, ಸ್ಟೂಲಿನ ಮೇಲೆ ನಿಂತು ಓದಿದೆ. ಜುಟ್ಟಿನ ಜಗಳ ಬಂದಾಗ ಎಲ್ಲರೂ ನಕ್ಕುಬಿಟ್ಟರು. ಮೇಷ್ಟರು ಟವೆಲಿನಲ್ಲಿ ಕಿವಿ ಒರೆಸಿಕೊಂಡು, "ನಿಮ್ಮಕ್ಕ ಹೇಳಿದ್ಮೇಲೆ ಇರ್ಬಹುದು ಬಿಡು" ಎಂದು ಸೋತುಹೋದರು. ಕಾಗದವನ್ನು ಕನ್ನಡಿಯ ಪಕ್ಕ ಅಂಟಿಸಿದ್ದೇನೆ.

ಸಣ್ಣಗಾಗಿದ್ದೇನೆ ಎಂದು ಯಾರು ಹೇಳಿದ್ದು? ದಿನವಿಡೀ ನಿಂತು ದುಡಿಯುವವನ ಮೈಯಲ್ಲಿ ಕೊಬ್ಬು ಎಲ್ಲಿಂದ ಬರಬೇಕು! ಅದನ್ನು ಬಿಡು, ಇನ್ನೂ ದೊಡ್ಡ ಸುದ್ದಿ ಇದೆ.

ಫ್ಯಾಕ್ಟರಿಯ ವಾರ್ಷಿಕೋತ್ಸವ ಈ ಸಲ ಜೋರಾಗಿ ಮಾಡುತ್ತಾರಂತೆ. ಕಂಪನಿಯ ಪ್ರಚಾರ ವಿಭಾಗದಿಂದ ಒಬ್ಬ ಹುಡುಗಿ ನನ್ನನ್ನು ಹುಡುಕಿಕೊಂಡು ಅಂಗಡಿಗೇ ಬಂದಿದ್ದಳು. ಚುರುಕು, ಮರ್ಯಾದೆಯ ಹುಡುಗಿ. ವೇದಿಕೆಯ ಮೇಲೆ ನಾನು ಹಳೇ ಫೋಟೋದಲ್ಲಿರುವ ಹಾಗೇ ಚಮಚ ಹಿಡಿದು, ಜಾಮ್ ತಿಂದು, ಮೈಕಿನಲ್ಲಿ "ಅಂದಿನದೇ ರುಚಿ" ಎಂದು ಹೇಳಬೇಕು. ಅಷ್ಟೇ. ಅದೇ ಫೋಟೋ ಆಮೇಲೆ ರಸ್ತೆ ರಸ್ತೆಯ ಬೋರ್ಡುಗಳಲ್ಲಿ ಬರುತ್ತದೆ. ಎಡಗಡೆ ಹಲ್ಲಿಲ್ಲದ ಹುಡುಗ, ಬಲಗಡೆ ನಾನು! ನಿನ್ನ ತಮ್ಮ ಮನೆಯಷ್ಟು ಎತ್ತರ ಇರುತ್ತಾನೆ ಅಕ್ಕ. ಅಮ್ಮ ಇರಬೇಕಿತ್ತು.

ನಿನ್ನ ಕಾಗದವನ್ನು ಆ ಹುಡುಗಿ ಅಲ್ಲೇ ನಿಂತು ಓದಿ, ಫೋನಿನಲ್ಲಿ ಫೋಟೋ ತೆಗೆದುಕೊಂಡಳು. "ಸಾರ್, ಇದಕ್ಕಿಂತ ಒಳ್ಳೆ ಜಾಹೀರಾತು ನಾವು ಬರೆಯೋಕಾಗಲ್ಲ" ಎಂದಳು. ಸ್ಮರಣ ಸಂಚಿಕೆಯ ಮೊದಲ ಪುಟದಲ್ಲಿ ಅದನ್ನೇ ಹಾಕುತ್ತಾರೆ. ನಾನು, ನೀನು, ಇಬ್ಬರೂ! ಕಾರ್ಯಕ್ರಮ ಮೇ ತಿಂಗಳ ಮೊದಲ ವಾರ. ರಜೆ ಹಾಕಿ ಬಂದುಬಿಡು.

ನಿನ್ನ ಹೆಮ್ಮೆಯ ತಮ್ಮ


ಮಾರ್ಚ್ ೧೬

ತಮ್ಮಾ,

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನನ್ನ ಕಾಗದವನ್ನು ಅವರು ಅಚ್ಚು ಹಾಕುವುದು ಬೇಡ. ಆ ಹುಡುಗಿಗೆ ಇವತ್ತೇ ಹೇಳು. ನಾನು ನಿನಗೆ ಬರೆದದ್ದು, ಊರಿಗಲ್ಲ. ನಮ್ಮ ಶಾಲೆಯ ಹೆಸರು, ನನ್ನ ಹೆಸರು ಎಲ್ಲೂ ಬರಬಾರದು. ಇಲ್ಲಿ ಇಂಥದ್ದೆಲ್ಲ ಸರಿಹೋಗುವುದಿಲ್ಲ.

ಮೇ ತಿಂಗಳಲ್ಲಿ ನನಗೆ ಬರಲಾಗುವುದಿಲ್ಲ. ವೇದಿಕೆಯ ಮೇಲೆ ಆ ಮಾತು ಹೇಳುತ್ತೇನೆಂದು ಈಗಲೇ ಒಪ್ಪಿಕೊಳ್ಳಬೇಡ. ಸ್ವಲ್ಪ ಯೋಚನೆ ಮಾಡು. ಮುಂದೆ ವಿವರವಾಗಿ ಬರೆಯುತ್ತೇನೆ.

ಅಕ್ಕ


ಮಾರ್ಚ್ ೨೭

ಅಕ್ಕನಿಗೆ,

ನಿನ್ನ ನಾಲ್ಕು ಸಾಲು ತಲುಪಿತು. ಆ ಹುಡುಗಿಗೆ ಫೋನು ಮಾಡಿ ಹೇಳಿದ್ದೇನೆ. ನಿನ್ನ ಕಾಗದ ಅಚ್ಚಾಗುವುದಿಲ್ಲ. ಕನ್ನಡಿಯ ಪಕ್ಕದಿಂದಲೂ ತೆಗೆದಿದ್ದೇನೆ. ಅಂಟು ಗಟ್ಟಿಯಾಗಿತ್ತು, ಒಂದು ಮೂಲೆ ಹರಿಯಿತು.

ಕಾರಣ ನೀನು ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ. ನಿನ್ನ ಸುತ್ತ ಇರುವವರೆಲ್ಲ ಓದಿದವರು. ಕ್ಷೌರದವನ ಅಕ್ಕ ಎಂದು ಅಚ್ಚಾದರೆ ಅವರ ಮುಂದೆ ಮುಜುಗರವಾಗಬಹುದು. ನಾನು ಅಷ್ಟು ದೂರ ಯೋಚಿಸಿರಲಿಲ್ಲ. ಫೀಸು ಕಟ್ಟಲು ನೀನು ಓದು ಬಿಟ್ಟು ನನ್ನನ್ನು ಶಾಲೆಗೆ ಕಳಿಸಿದೆ, ನಾನು ಓದದೆ ಕತ್ತರಿ ಹಿಡಿದೆ. ಆ ಬೇಸರ ನಿನಗೆ ಇದ್ದೇ ಇರಬೇಕು. ಇಷ್ಟು ವರ್ಷ ಹೇಳಲಿಲ್ಲ, ಅಷ್ಟೇ.

ವೇದಿಕೆಯ ಮಾತು ನಾನು ಒಪ್ಪಿಕೊಂಡಾಗಿದೆ. ನನ್ನ ಬದುಕಿನಲ್ಲಿ ನಾನಾಗಿ ಕಷ್ಟಪಡದೆ ಬಂದ ಒಂದೇ ಒಂದು ಗೌರವ ಆ ಬಾಟಲಿ. ಅದನ್ನು ಬಿಡು ಎನ್ನಬೇಡ.

ಆರೋಗ್ಯ ನೋಡಿಕೊಳ್ಳಿ.

ತಮ್ಮ


ಏಪ್ರಿಲ್ ೪

ಲೋ ತಮ್ಮಾ,

"ನೋಡಿಕೊಳ್ಳಿ" ಅಂತೆ! ನನಗೆ ಬಹುವಚನ ಹಚ್ಚುವಷ್ಟು ದೊಡ್ಡವನಾದೆಯಾ? ಆ ಒಂದು "ಳ್ಳಿ" ನೋಡಿ ನನಗೆ ಇಡೀ ದಿನ ಕೈಕಾಲು ಆಡಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಕೇಳು. ನಿನ್ನ ಕಸುಬಿನ ಬಗ್ಗೆ ನನಗೆ ನಾಚಿಕೆ ಎಂದು ಇನ್ನೊಂದು ಸಲ ಬರೆದರೆ ಬಂದು ಕಿವಿ ಹಿಂಡುತ್ತೇನೆ, ಮೊಣಕಾಲು ಹೇಗಾದರೂ ಇರಲಿ. ಉಗ್ರಾಣದ ಬಾಗಿಲು ತೆರೆದರೆ ಎದುರಿನ ಕಪಾಟಿನಲ್ಲಿ ನಿನ್ನ ಮುಖದ ಡಬ್ಬಿಗಳು ಸಾಲಾಗಿ ನಿಂತಿರುತ್ತಿದ್ದವು. ದಿನಾ ಬೆಳಿಗ್ಗೆ ನಾನು ಮೊದಲು ಮಾತಾಡಿಸುತ್ತಿದ್ದದ್ದು ಅವನನ್ನೇ. "ಏನೋ, ಎದ್ಯಾ?" ಎಂದು ಕೇಳಿ ಆಮೇಲೆ ಒಲೆ ಹಚ್ಚುವುದು. ಹೊಸಬರು ಕೆಲಸಕ್ಕೆ ಸೇರಿದರೆ ಮೊದಲು ಆ ಕಪಾಟಿನ ಮುಂದೆ ನಿಲ್ಲಿಸಿ, ಇವನು ನನ್ನ ತಮ್ಮ ಎಂದು ಪರಿಚಯ ಮಾಡಿಕೊಡುತ್ತಿದ್ದೆ.

"ನಿಂತಿರುತ್ತಿದ್ದವು", "ಮಾಡಿಕೊಡುತ್ತಿದ್ದೆ" ಎಂದು ಬರೆದದ್ದು ಗಮನಿಸಿದೆಯಾ? ಈಗ ಆ ಕಪಾಟು ಖಾಲಿ. ಹೋದ ವರ್ಷದಿಂದ ನಾನು ಆ ಜಾಮ್ ತರಿಸುತ್ತಿಲ್ಲ.

ಮೊದಮೊದಲು ಮಕ್ಕಳು ಬ್ರೆಡ್ಡನ್ನು ತಿಂದು ಜಾಮನ್ನು ಕೆರೆದು ತಟ್ಟೆಯ ಅಂಚಿಗೆ ಹಾಕುತ್ತಿದ್ದರು. ಕೊಬ್ಬು ಹೆಚ್ಚಾಯಿತು ಇವಕ್ಕೆ ಎಂದು ನಾನೇ ಬೈದೆ. ಬೈದ ಮೇಲೂ ಹಾಗೇ. ಒಂದು ಮಧ್ಯಾಹ್ನ ಒಬ್ಬಳೇ ಇದ್ದಾಗ ಒಂದು ಡಬ್ಬಿಯನ್ನು ಬಿಸಿನೀರಿನಲ್ಲಿ ಕದಡಿ ಜರಡಿಗೆ ಸುರಿದೆ. ಹಣ್ಣಿನ ನಾರಾದರೂ, ಒಂದು ಬೀಜವಾದರೂ ಉಳಿಯಬೇಕಲ್ಲ? ಕೆಂಪು ನೀರು ಸರ್ರನೆ ಇಳಿದುಹೋಯಿತು. ಜರಡಿಯಲ್ಲಿ ಏನೂ ಇರಲಿಲ್ಲ ಕಣೋ. ಖಾಲಿ ಜರಡಿ ಹಿಡಿದುಕೊಂಡು ನಿಂತಿದ್ದಾಗ ಅಮ್ಮನ ಬೆರಳು ನೆನಪಾಗಿ ಅತ್ತುಬಿಟ್ಟೆ. ಅವಳು ಸುಲಿದುಕೊಂಡದ್ದೆಲ್ಲ ಎಲ್ಲಿ ಹೋಯಿತು?

ಮಕ್ಕಳು ಜಗಳವಾಡುವ ಜಾಮ್ ನಾನು ಮಾಡಿದ್ದು. ಪೇಟೆಯಲ್ಲಿ ತೀರಾ ಹಣ್ಣಾಗಿ ಉಳಿದದ್ದನ್ನು ತರಿಸಿ, ಅಮ್ಮ ಮಾಡುತ್ತಿದ್ದ ಹಾಗೆ ಅರ್ಧ ಅರೆದು, ಅರ್ಧ ತುಂಡಾಗೇ ಬಿಟ್ಟು ಕುದಿಸುತ್ತೇನೆ. ನಿನಗೆ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಯಾರ ಜಾಮ್ ಎಂದು ಮಾತ್ರ ಬರೆಯಲಿಲ್ಲ. ನೀನು ಸ್ಟೂಲಿನ ಮೇಲೆ ನಿಂತು ಓದುತ್ತೀಯ, ಅವರು ಅಚ್ಚು ಹಾಕುತ್ತೇನೆ ಎನ್ನುತ್ತಾರೆ ಎಂದು ನನಗೇನು ಗೊತ್ತಿತ್ತು!

ನನಗೆ ಅರ್ಥವಾಗದ್ದು ಒಂದೇ. ದಿನಾ ಒಂದು ಚಮಚ ತಿನ್ನುತ್ತೀಯಲ್ಲ, ನಿನಗೆ ಗೊತ್ತಾಗಲೇ ಇಲ್ಲವೇ? ಅಥವಾ ಗೊತ್ತಿದ್ದೂ ನನ್ನ ಹಾಗೆ ಬಾಯಿ ಮುಚ್ಚಿಕೊಂಡಿದ್ದೀಯಾ? ವೇದಿಕೆ ಹತ್ತುವುದು ಬಿಡುವುದು ನಿನಗೆ ಸೇರಿದ್ದು. ನೀನು ಅಲ್ಲಿ ಏನೇ ಹೇಳಿದರೂ ನನ್ನ ತಮ್ಮನೇ. ಆದರೆ ತಿಳಿದುಕೊಂಡು ಹತ್ತು.

ಅಕ್ಕ


ಏಪ್ರಿಲ್ ೨೮

ತಮ್ಮಾ,

ನನ್ನ ಕಾಗದ ತಲುಪಿಲ್ಲವೇ? ಫೋನು ಮಾಡಿದರೆ ನಿನ್ನ ಹೆಂಡತಿ, "ಅಂಗಡಿಯಲ್ಲಿದಾರೆ ಅತ್ತಿಗೆ, ಆಮೇಲೆ ಮಾಡ್ತಾರೆ" ಎನ್ನುತ್ತಾಳೆ. ನಿನ್ನ ಆ "ಆಮೇಲೆ" ಇನ್ನೂ ಬಂದಿಲ್ಲ. ಸಿಟ್ಟಿದ್ದರೆ ಸಿಟ್ಟು ಅಂತಾದರೂ ಬರಿ.

ಅಕ್ಕ


ಮೇ ೧೧

ಅಕ್ಕಾ,

ಸಿಟ್ಟಿಲ್ಲ. ಏನು ಬರೆಯಬೇಕೆಂದು ತೋಚಲಿಲ್ಲ. ಈಗ ಎಲ್ಲ ಮುಗಿದ ಮೇಲೆ ಬರೆಯುತ್ತಿದ್ದೇನೆ.

ನೀನು ಕೇಳಿದೆಯಲ್ಲ, ದಿನಾ ತಿನ್ನುವವನಿಗೆ ಗೊತ್ತಾಗಲಿಲ್ಲವೇ ಎಂದು. ನಾನು ಜಾಮ್ ಬಾಯಿಗಿಟ್ಟು ವರ್ಷಗಳೇ ಆಗಿವೆ. ನನಗೆ ಸಕ್ಕರೆ ಕಾಯಿಲೆ ಅಕ್ಕ. ಜಾಮ್ ಬಾಟಲಿಯ ಹುಡುಗನಿಗೆ ಸಕ್ಕರೆ ಕಾಯಿಲೆ ಎಂದರೆ ಊರು ನಗುತ್ತದೆ ಎಂದು ಯಾರಿಗೂ ಹೇಳಲಿಲ್ಲ. ನಿನಗೆ ಹೇಳಿದರೆ ನೀನು ಕೆಲಸ ಬಿಟ್ಟು ಓಡಿಬರುತ್ತೀಯ ಎಂದು ನಿನಗೂ ಹೇಳಲಿಲ್ಲ. ಅಂಗಡಿಯಲ್ಲಿ ನಾನು ವಾದ ಮಾಡುತ್ತಿದ್ದದ್ದೆಲ್ಲ ಹಳೇ ನಾಲಿಗೆಯ ನೆನಪಿನಿಂದ.

ನಿನ್ನ ಕಾಗದ ಓದಿದ ದಿನ ಹೆಂಡತಿಯ ಕೈಲಿ ಒಂದು ಬಾಟಲಿ ತರಿಸಿದೆ. ಚಮಚದ ತುದಿಯಲ್ಲಿ ಒಂದಿಷ್ಟು ತೆಗೆದೆ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಎದುರಿಗೇ ನಿಂತಿದ್ದಳು. ನಾಲಿಗೆಯ ಮೇಲಿಟ್ಟೆ. ಕಾದೆ. ಅನಾನಸ್ಸಿನ ಆ ಹುಳಿ ಈಗ ಬರುತ್ತದೆ, ನಾರು ಹಲ್ಲಿಗೆ ಸಿಗುತ್ತದೆ ಎಂದು ಕಾದೆ. ಬರೀ ಸಿಹಿ, ಅದೂ ಎಲ್ಲಿಂದಲೋ ಬಂದ ಸಿಹಿ. ಆಮೇಲೆ ಬಾಯೆಲ್ಲ ಅಂಟು.

"ಏನ್ರೀ, ಹೇಗಿದೆ?" ಎಂದಳು.

"ಮೇಷ್ಟ್ರು ಗೋಂದು ತಿಂದಿರ್ಬೇಕು ಕಣೆ. ಸರಿಯಾಗೇ ಹೇಳಿದ್ರು" ಎಂದೆ.

ನಗೋಣ ಎಂದುಕೊಂಡೆವು, ಇಬ್ಬರಿಗೂ ಆಗಲಿಲ್ಲ.

ಹೋಗುವುದೇ ಬೇಡ ಎಂದುಕೊಂಡಿದ್ದೆ. ಕಂಪನಿಯ ಕಾರು ಬಾಗಿಲಿಗೇ ಬಂತು, ಹೊಸ ಬಟ್ಟೆಯೂ ಬಂತು. ಹೋಗದೆ ಮನೆಯಲ್ಲಿ ಅಡಗಿ ಕೂತರೆ ಅದೂ ಒಂದು ಬಗೆಯ ಸುಳ್ಳೇ ಅನ್ನಿಸಿತು. ಕಾರು ಹತ್ತಿದೆ.

ಫ್ಯಾಕ್ಟರಿಯ ಅಂಗಳದಲ್ಲಿ ದೊಡ್ಡ ಪೆಂಡಾಲು. ಸಿಪ್ಪೆ ಶೆಡ್ಡು ಈಗ ಇಲ್ಲ, ಅಲ್ಲಿ ದೊಡ್ಡ ದೊಡ್ಡ ಉಕ್ಕಿನ ಟ್ಯಾಂಕುಗಳು. ಹಣ್ಣಿನ ವಾಸನೆಯೇ ಇಲ್ಲ ಅಕ್ಕ. ಚಿಕ್ಕವರಿದ್ದಾಗ ಗೇಟಿನಾಚೆಯ ತಿರುವಿನಲ್ಲೇ ಮೂಗಿಗೆ ಬಡಿಯುತ್ತಿತ್ತಲ್ಲ! ವೇದಿಕೆಯ ಮುಂದಿನ ಸಾಲಿನಲ್ಲಿ ಹಳೇ ಕೆಲಸಗಾರರನ್ನು ಕೂರಿಸಿದ್ದರು. ಅಮ್ಮನ ಪಕ್ಕದಲ್ಲೇ ಕೂತು ಹೆಚ್ಚುತ್ತಿದ್ದ ಗುಂಗುರು ಕೂದಲಿನ ಚಿಕ್ಕಮ್ಮನೂ ಇದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ, ಗುಂಗುರು ಹಾಗೇ ಇದೆ. ನನ್ನನ್ನು ನೋಡಿ ಕೈ ಬೀಸಿದಳು. ಆ ಕೈ ನೋಡಿದೆ. ಬೆರಳ ತುದಿಗಳು ಅಮ್ಮನ ಹಾಗೇ ನುಣ್ಣಗೆ, ಗೆರೆಗಳಿಲ್ಲದೆ.

ನನ್ನ ಹೆಸರು ಕೂಗಿದರು. ಹಿಂದೆ ಪರದೆಯ ಮೇಲೆ ಹಲ್ಲಿಲ್ಲದ ಹುಡುಗ ಮಹಡಿಯಷ್ಟು ಎತ್ತರ ಬಂದ. ಚಪ್ಪಾಳೆ. ಪ್ರಚಾರ ವಿಭಾಗದ ಹುಡುಗಿ ಕೈಗೆ ಚಮಚ ಕೊಟ್ಟಳು, ಜಾಮ್ ತುಂಬಿಸಿಯೇ ಇತ್ತು. ಫೋಟೋದವರು ಮೊಣಕಾಲೂರಿದರು. ನಾನು ಚಮಚ ಎತ್ತಿದೆ. ಬಾಯಿಯ ಹತ್ತಿರ ತಂದೆ. ಅಲ್ಲೇ ನಿಂತೆ.

ಕೆಳಗಿನಿಂದ ಯಾರೋ "ಹೇಳಪ್ಪಾ, ಹೇಳು" ಎಂದು ಹುರಿದುಂಬಿಸಿದರು. ಚಮಚವನ್ನು ತಟ್ಟೆಯಲ್ಲಿಟ್ಟೆ. ಮೈಕ್ ಹಿಡಿದುಕೊಂಡೆ. ನನಗೆ ನೆನಪಿರುವಷ್ಟು ಬರೆಯುತ್ತೇನೆ.

"ಕ್ಷಮಿಸ್ಬೇಕು. ಆ ಮಾತು ನಂಗೆ ಹೇಳೋಕಾಗಲ್ಲ. ನಾನೇನು ಸುಳ್ಳೇ ಹೇಳದವನಲ್ಲ. ದಿನಾ ಹೇಳ್ತೀನಿ. ನಿಮ್ಗೆ ಕೂದ್ಲು ಒಂಚೂರೂ ಉದುರಿಲ್ಲ ಸಾರ್, ಅಂತ ಬೋಳುತಲೆಯವ್ರಿಗೇ ಹೇಳ್ತೀನಿ."

ಎಲ್ಲರೂ ನಕ್ಕರು. ವೇದಿಕೆಯ ಮೇಲಿನ ದೊಡ್ಡವರೂ ನಕ್ಕರು, ಅವರಲ್ಲಿ ಇಬ್ಬರಿಗೆ ಕೂದಲಿರಲಿಲ್ಲ. ನಗು ನಿಂತ ಮೇಲೆ ಹೇಳಿದೆ.

"ಆದ್ರೆ ಇದು ನನ್ನ ಮುಖ. ಇದನ್ನ ನೋಡಿ ತಾಯಂದಿರು ಮಕ್ಕಳಿಗೆ ತಗೊಂಡು ಹೋಗ್ತಾರೆ. ನಮ್ಮಮ್ಮ ಇಲ್ಲಿ ಹಣ್ಣು ಹೆಚ್ತಿದ್ಳು, ಇವ್ರೆಲ್ಲ ಹೆಚ್ತಿದ್ರು. ಆವಾಗ ಬಾಟಲಿಯೊಳಗೆ ಹಣ್ಣಿತ್ತು. ಈಗಿಲ್ಲ. ಹಣ್ಣು ಹಾಕಿ. ಇಲ್ಲಾಂದ್ರೆ ನನ್ನ ಮುಖ ತೆಗ್ದುಬಿಡಿ."

ಅಷ್ಟೇ ಅಕ್ಕ. ಕೈ ಮುಗಿದು ಇಳಿದುಬಿಟ್ಟೆ. ಚಪ್ಪಾಳೆ ಬರಲಿಲ್ಲ. ಸಿನಿಮಾದಲ್ಲಾದರೆ ಬರುತ್ತಿತ್ತೇನೋ. ನಿರೂಪಕ ಏನೋ ಜೋಕು ಹೇಳಿ ಮುಂದಿನ ಹಾಡಿಗೆ ಹೋದ. ಮೆಟ್ಟಿಲಿನ ಹತ್ತಿರ ಪ್ರಚಾರ ವಿಭಾಗದ ಹುಡುಗಿ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. "ನೀರು ಕುಡೀತೀರಾ ಸಾರ್?" ಎಂದು ಬಾಟಲಿ ಕೊಟ್ಟಳು.

ವಾಪಸು ಬರಲು ಕಾರು ಇರಲಿಲ್ಲ. ಬಸ್ ನಿಲ್ದಾಣದವರೆಗೆ ನಡೆದೆ, ಹಿಂದಿನಿಂದ ಯಾರೋ ಕೂಗಿದರು. ಮುಂದಿನ ಸಾಲಿನ ಮುದುಕಿಯರೆಲ್ಲ ಊಟ ಬಿಟ್ಟು ಎದ್ದು ಬಂದಿದ್ದರು. ಗುಂಗುರು ಚಿಕ್ಕಮ್ಮ ನನ್ನ ಗಲ್ಲ ಹಿಡಿದು ಅಲ್ಲಾಡಿಸಿದಳು. "ಈ ಮಾತು ನಮ್ಮ ಗಂಟಲಲ್ಲೂ ಇತ್ತು ಕಣೋ. ನಮ್ಮನ್ನ ಯಾರು ಮೈಕ್ ಹತ್ರ ಬಿಡ್ತಾರೆ!" ಎಂದಳು. ಬಸ್ಸಿನ ಹಿಂದಿನ ಸೀಟುಗಳಲ್ಲೆಲ್ಲ ನಾವೇ. ಅವರು ಯಾವುದೋ ಹಳೇ ಮೇಸ್ತ್ರಿಯನ್ನು ಅಣಕಿಸಿ ಅಣಕಿಸಿ ನಗುತ್ತಿದ್ದರು. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು ಸ್ವಲ್ಪ ಅತ್ತೆ. ದುಃಖಕ್ಕಲ್ಲ.

ನಿನಗೆ ನಾಚಿಕೆ ಎಂದು ಬರೆದದ್ದಕ್ಕೆ ಕಿವಿ ಹಿಂಡು, ಬಾ. ಎರಡೂ ಕಿವಿ ಇಲ್ಲೇ ಇವೆ.

ತಮ್ಮ


ಮೇ ೧೯

ತಮ್ಮಾ,

ಮೊದಲು ಬೈಗುಳ. ಸಕ್ಕರೆ ಕಾಯಿಲೆ ಮುಚ್ಚಿಟ್ಟಿದ್ದಕ್ಕೆ ನಿನಗೂ ನಿನ್ನ ಹೆಂಡತಿಗೂ ಸೇರಿಸಿ ಬೈದಿದ್ದೇನೆ, ಇಲ್ಲಿ ಗೋಡೆಗಳು ಕೇಳಿಸಿಕೊಂಡವು. ಇನ್ನು ಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ ಫಲಿತಾಂಶ ನನಗೆ ಬರೆಯಬೇಕು. ಕಾಲಿಗೆ ಗಾಯವಾಗದ ಹಾಗೆ ನೋಡಿಕೋ. ಬಿದ್ದ ಬ್ಲೇಡಿನ ಚೂರಿನ ಮೇಲೆ ಬರಿಗಾಲಲ್ಲಿ ಓಡಾಡುವ ಅಭ್ಯಾಸ ನಿನ್ನದು.

ಬೈಗುಳ ಮುಗಿಯಿತು.

ನಿನ್ನ ಕಾಗದವನ್ನು ಪಾತ್ರೆ ತೊಳೆಯುವವಳಿಗೆ ಓದಿ ಹೇಳಿದೆ. "ಹಣ್ಣು ಹಾಕಿ, ಇಲ್ಲಾಂದ್ರೆ ಮುಖ ತೆಗ್ದುಬಿಡಿ" ಬಂದಾಗ ಅವಳು ಕೈಯಲ್ಲಿದ್ದ ಕೊಳಗವನ್ನು ಕೆಳಗಿಟ್ಟು, "ಇನ್ನೊಂದ್ಸಲ ಓದಮ್ಮಾ" ಎಂದಳು. ಓದಿದೆ. ಮೂರನೇ ಸಲ ಯಾರೂ ಕೇಳದಿದ್ದರೂ ಓದಿದೆ.

ಶಾಲೆಗೆ ಕಳಿಸಿದೆ, ಓದಲಿಲ್ಲ ಎಂದು ಬರೆದಿದ್ದೆಯಲ್ಲ. ಫ್ಯಾಕ್ಟರಿಯ ಅಂಗಳದಲ್ಲಿ ಹಾಗೆ ನಿಂತು ಮಾತಾಡುವುದನ್ನು ಯಾವ ಶಾಲೆ ಕಲಿಸುತ್ತದೆ? ನನ್ನ ಖರ್ಚು ಬಡ್ಡಿ ಸಮೇತ ವಾಪಸು ಬಂತು ಎಂದುಕೋ.

ಅಕ್ಕ


ಸೆಪ್ಟೆಂಬರ್ ೧೨

ಪ್ರೀತಿಯ ಅಕ್ಕ,

ಮುಖ ತೆಗೆದುಬಿಟ್ಟರು.

ಪ್ರಚಾರ ವಿಭಾಗದ ಹುಡುಗಿ ತಾನೇ ಬಂದು ಹೇಳಿದಳು. ಫೋನಿನಲ್ಲಿ ಹೇಳುವ ವಿಷಯವಲ್ಲ ಅನ್ನಿಸಿತಂತೆ. ಗಿರಾಕಿ ಇರಲಿಲ್ಲ, ಕುರ್ಚಿಯಲ್ಲೇ ಕೂತಳು. "ಸಾರ್, ಆಮೇಲೆ ಎರಡು ಮೀಟಿಂಗ್ ಆಯ್ತು. ಹಣ್ಣು ಹಾಕೋದು ಅವ್ರಿಗೆ ಕಷ್ಟ ಅಂತೆ. ಮುಖ ತೆಗೆಯೋದು ಸುಲಭ" ಎಂದಳು. ಸುತ್ತಿ ಬಳಸಿ ಹೇಳಲಿಲ್ಲ, ಅದು ನನಗೆ ಹಿಡಿಸಿತು. ಹೋಗುವಾಗ, "ನಾನೂ ಚಿಕ್ಕೋಳಿದ್ದಾಗ ನಿಮ್ಮ ಬಾಟಲಿ ತಳ ಕೆರೆದು ತಿಂದವಳೇ" ಎಂದು ಸೇರಿಸಿದಳು.

ಈ ವಾರ ಹೊಸ ಬಾಟಲಿ ಅಂಗಡಿಗಳಿಗೆ ಬಂತು. ನನ್ನ ಜಾಗದಲ್ಲಿ ಕಣ್ಣು, ಬಾಯಿ ಇರುವ ಒಂದು ಅನಾನಸ್ ಚಿತ್ರ. ಒಳಗಿಲ್ಲದ ಹಣ್ಣು ಹೊರಗೆ ಹಲ್ಲು ಕಿರಿಯುತ್ತಿದೆ.

ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲ ದಿನ ಸಾಮಾನಿನ ಅಂಗಡಿಯ ಮುಂದೆ ನಿಂತು, ಆ ಸಾಲಿನಲ್ಲಿ ಎಲ್ಲೋ ಒಂದಾದರೂ ಹಳೆಯದು ಉಳಿದಿರಬಹುದೆಂದು ಹುಡುಕಿದೆ. ಇರಲಿಲ್ಲ. ಮನೆಗೆ ಬಂದು ಊಟ ಬೇಡ ಎಂದು ಮಲಗಿದೆ. ಹೆಂಡತಿ ಬಂದು ಪಕ್ಕದಲ್ಲಿ ಕೂತು, "ರೀ, ಊರಿಗೆಲ್ಲ ಹಂಚಿಹೋಗಿದ್ದ ಗಂಡ ಈಗ ನಂಗೊಬ್ಬಳಿಗೇ ಆದ. ನಂಗೇನೂ ನಷ್ಟ ಇಲ್ಲ" ಎಂದಳು. ಎದ್ದು ಊಟ ಮಾಡಿದೆ.

ಅಂಗಡಿಯಲ್ಲಿ ಈಗ ಬೇರೆಯೇ ತಮಾಷೆ. ಮೊನ್ನೆ ಒಬ್ಬಳು ತಾಯಿ ಪುಟ್ಟ ಮಗನನ್ನು ಕೂದಲು ಕತ್ತರಿಸಲು ಕರೆತಂದಿದ್ದಳು. "ಅಲ್ಲಾಡ್ಬೇಡ, ಜಾಮಣ್ಣ ಮಾಮ ಬೈತಾರೆ" ಎಂದಳು. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ, "ಜಾಮಣ್ಣ ಅಂದ್ರೆ? ಟ್ರಾಫಿಕ್ ಜಾಮಾ?" ಎಂದು ಕೇಳಿದ. ಕೈಯಲ್ಲಿದ್ದ ಮಷಿನ್ ಆಫ್ ಮಾಡಿ ನಗಬೇಕಾಯಿತು ಅಕ್ಕ. ಮೇಷ್ಟರು ಈಗ ದಿನಾ ಬಂದು "ಏನಯ್ಯಾ ಟ್ರಾಫಿಕ್ಕು!" ಎನ್ನುತ್ತಾರೆ. ಆದರೆ ಮೇಷ್ಟರೇ ಗಿರಾಕಿಗಳಿಗೆಲ್ಲ ವೇದಿಕೆಯ ಕಥೆ ಹೇಳುತ್ತಾರೆ, ತಾವೇ ಅಲ್ಲಿ ಇದ್ದ ಹಾಗೆ. ಅವರ ಕಥೆಯಲ್ಲಿ ಚಪ್ಪಾಳೆ ಇದೆ. ನಾನು ತಿದ್ದಲಿಲ್ಲ.

ರಕ್ತ ಪರೀಕ್ಷೆ ಮಾಡಿಸಿದೆ. ಹೋದ ಸಲಕ್ಕಿಂತ ಇಳಿದಿದೆ. ಡಾಕ್ಟರು ಭೇಷ್ ಎಂದರು.

ಇಷ್ಟು ವರ್ಷ ಆ ಮುಖವನ್ನು ಇಟ್ಟುಕೊಂಡದ್ದರಲ್ಲಿ ನನ್ನದೇನೂ ಇರಲಿಲ್ಲ, ಯಾರೋ ತೆಗೆದ ಫೋಟೋ. ಬಾಟಲಿಯಿಂದ ಅದನ್ನು ತೆಗೆಸಿದ್ದು ಮಾತ್ರ ನಾನು. ರಾತ್ರಿ ಮಲಗಿದರೆ ಇದು ನೆನಪಾಗಿ ಒಳ್ಳೆ ನಿದ್ದೆ ಬರುತ್ತದೆ.

ನಿನ್ನ ತಮ್ಮ


ಸೆಪ್ಟೆಂಬರ್ ೨೩

ನನ್ನ ತಮ್ಮಾ,

ನಿನ್ನ ಕಾಗದ 'ಮುಖ ತೆಗೆದುಬಿಟ್ಟರು' ಎಂದು ಶುರುವಾಗುತ್ತದೆ. ನಾನು ಅಷ್ಟು ಓದಿ, ಮಡಚಿ, ಸೆರಗಿಗೆ ಸಿಕ್ಕಿಸಿಕೊಂಡು ಬೆಳಗಿನ ತಿಂಡಿ ಬಡಿಸಲು ಹೋದೆ. ಉಳಿದದ್ದನ್ನು ಆಮೇಲೆ ಓದಿದ್ದು.

ಈ ಮಕ್ಕಳಿಗೆ ನಾನು ಇಷ್ಟು ವರ್ಷದಲ್ಲಿ "ಸಾಲಾಗಿ ಬನ್ನಿ", "ಚೆಲ್ಲಬೇಡಿ" ಎನ್ನುವುದು ಬಿಟ್ಟರೆ ಬೇರೆ ಮಾತಾಡಿದವಳಲ್ಲ. ಎಲ್ಲರ ಎದುರು ನಿಂತು ಮಾತಾಡುವುದೆಂದರೆ ನನಗೆ ಆಗುವುದೇ ಇಲ್ಲ, ನಿನಗೆ ಗೊತ್ತು. ಆದರೆ ಅವತ್ತು ಬಡಿಸಿ ಮುಗಿಸಿದವಳು ಒಳಗೆ ಹೋಗಲಿಲ್ಲ. ಊಟದ ಕೋಣೆಯ ನಡುವೆ ನಿಂತೆ.

"ಮಕ್ಕಳೇ, ಇಲ್ಲಿ ಕೇಳಿ. ಆ ಜಾಮ್ ಬಾಟಲಿ ಮೇಲೆ ಒಬ್ಬ ಹುಡುಗ ಇದ್ದನಲ್ಲ, ಹಲ್ಲಿಲ್ಲದವನು, ಅವನು ನನ್ನ ತಮ್ಮ" ಎಂದೆ.

ದೊಡ್ಡ ಹುಡುಗಿಯರು ನಂಬಲಿಲ್ಲ. "ಸುಮ್ನಿರಿ ಆಂಟಿ!" ಎಂದರು.

"ನಿಜವಾಗ್ಲೂ. ಈಗ ಅವನು ಅಲ್ಲಿಲ್ಲ. ಒಳಗೆ ಹಣ್ಣಿಲ್ಲ ಅಂತ ಗೊತ್ತಾದ ದಿನ, ಎಲ್ಲರ ಮುಂದೆ ನಿಂತು, ನನ್ನ ಮುಖ ತೆಗೀರಿ ಅಂತ ಹೇಳ್ದ. ತೆಗೆದ್ರು."

ಹೇಳಬೇಕೆಂದುಕೊಂಡದ್ದು ಇನ್ನೂ ಬಹಳ ಇತ್ತು. ಅಲ್ಲಿಗೇ ನಿಲ್ಲಿಸಿದೆ. ಆಮೇಲೆ ಹಿಂದಿನ ಮೇಜಿನಲ್ಲಿ ಯಾರೋ ಚಮಚದಿಂದ ತಟ್ಟೆಗೆ ಬಡಿದಳು. ಪಕ್ಕದವಳು ಬಡಿದಳು. ಆಮೇಲೆ ಇಡೀ ಕೋಣೆ ತಮ್ಮಾ, ಒಂದೇ ಸಮ ತಟ್ಟೆ ಬಡಿತ, ಕಿಟಕಿಯ ಗಾಜೆಲ್ಲ ಅದುರುವಷ್ಟು! ಸಣ್ಣ ಮಕ್ಕಳಿಗೆ ಏನೆಂದೇ ಅರ್ಥವಾಗಿರಲಿಕ್ಕಿಲ್ಲ, ಅವು ಎಲ್ಲರಿಗಿಂತ ಜೋರಾಗಿ ಬಡಿದವು. ನಿನಗೆ ಅಲ್ಲಿ ಬಾರದ ಚಪ್ಪಾಳೆ ಇಲ್ಲಿ ಬಂತು.

ವಾರ್ಡನ್ ಗಾಬರಿಯಾಗಿ, ಚಪ್ಪಲಿ ಒರೆಸುವುದನ್ನೂ ಮರೆತು ಓಡಿಬಂದರು. "ಏನ್ರೀ ಇದು, ಏನಾಯ್ತು?" ಎಂದು ಕೂಗಿ ಕೇಳಿದರು.

"ಏನಿಲ್ಲ ಮೇಡಂ. ನನ್ನ ತಮ್ಮನ ವಿಷಯ" ಎಂದೆ.

ಅಕ್ಕ